ಅಂಗಳದ ಮೊಟ್ಟೆ, ಅಂಗಡಿಯ ಮೊಟ್ಟೆ

(ತುಮಕೂರಿನಲ್ಲಿ ನಗರದ ಗ್ರಾಹಕರೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೃಷಿಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನೀರು, ಕಾಡು, ಬೀಜಗಳ ಬಗ್ಗೆ ಮಾತನಾಡುವ ವೇದಿಕೆಯಲ್ಲಿ ಮೊಟ್ಟೆಯ ಬಗ್ಗೆ ಮಾತನಾಡುವುದು ಕೆಲವರಿಗೆ ಅಲ್ಪವೆನಿಸಬಹುದು. ಆದರೆ ಪರಿಸರದ ಪ್ರಶ್ನೆಗಳು ನಮ್ಮ ಮನೆಯನ್ನು ಪ್ರವೇಶಿಸುವುದು ಕೈಚೀಲದ ಮೂಲಕವೇ. ಇಂದು ನಗರದ ಒಂದು ದೊಡ್ಡ ಅಂಗಡಿಗೆ ಹೋದರೆ ಮೂರು ಬಗೆಯ ಮೊಟ್ಟೆಗಳು ಕಾಣುತ್ತವೆ. ತಟ್ಟೆಗಟ್ಟಲೆ ಪೇರಿಸಿಟ್ಟ ಬಿಳಿಯ ಫಾರಂ ಮೊಟ್ಟೆ ಒಂದು. ‘ನಾಟಿ’ ಅಥವಾ ‘ಫ್ರೀ ರೇಂಜ್’ ಎಂದು ಬರೆದ ಕಂದು ಮೊಟ್ಟೆ ಇನ್ನೊಂದು. ಹಸಿರು ಚೀಟಿ ಅಂಟಿಸಿದ ಪೆಟ್ಟಿಗೆಯಲ್ಲಿರುವ ‘ಆರ್ಗ್ಯಾನಿಕ್’ ಮೊಟ್ಟೆ ಮೂರನೆಯದು. ಎರಡನೆಯದರ ಬೆಲೆ ಮೊದಲನೆಯದರ ಎರಡು ಪಟ್ಟು. ಮೂರನೆಯದು ಕೆಲವೊಮ್ಮೆ ಮೂರು ಪಟ್ಟು. ಯಾವುದನ್ನು ಕೊಳ್ಳಬೇಕು? ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ನನ್ನನ್ನು ಕೇಳುವ ಈ ಪ್ರಶ್ನೆಯನ್ನೇ ನೀವೂ ಕೇಳಿದ್ದೀರಿ.

ಮೊಟ್ಟೆ ತಿನ್ನದವರೂ ಈ ಸಭೆಯಲ್ಲಿದ್ದೀರಿ. ನಿಮಗೂ ಈ ವಿಷಯ ಹೊರತಲ್ಲ. ಕೋಳಿ ತಿನ್ನುವ ಮೆಕ್ಕೆಜೋಳ ಬೆಳೆಯುವುದು ನಮ್ಮ ಹೊಲಗಳಲ್ಲಿ. ಕೋಳಿ ಫಾರಂನ ಗೊಬ್ಬರ ಲಾರಿಗಳಲ್ಲಿ ಬಂದು ಬೀಳುವುದು ನಿಮ್ಮ ಅಡಿಕೆ ತೋಟಕ್ಕೆ, ನಮ್ಮ ಬೆಟ್ಟದ ಶುಂಠಿ ಗದ್ದೆಗೆ.

ಮೂರು ಪದಗಳು, ಮೂರು ಪ್ರಶ್ನೆಗಳು

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ‘ನಾಟಿ’ ಎಂಬುದು ಕೋಳಿಯ ತಳಿಯನ್ನು ಹೇಳುವ ಮಾತು. ‘ಫ್ರೀ ರೇಂಜ್’ ಎಂಬುದು ಕೋಳಿ ಎಲ್ಲಿ ಬಾಳಿತು ಎಂಬುದನ್ನು ಹೇಳಬೇಕಾದ ಮಾತು. ‘ಸಾವಯವ’ ಎಂಬುದು ಅದು ಏನನ್ನು ತಿಂದಿತು, ಅದಕ್ಕೆ ಯಾವ ಔಷಧ ಕೊಟ್ಟರು, ಹೇಗೆ ಸಾಕಿದರು ಎಂಬುದನ್ನು ಹೇಳುವ ಮಾತು. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ನಾಟಿ ಕೋಳಿಯನ್ನು ಕೂಡಿಹಾಕಿ ಸಾಕಬಹುದು. ಆಗ ಅದರ ಮೊಟ್ಟೆ ನಾಟಿಯೇ, ಆದರೆ ಬಯಲಿನದಲ್ಲ. ಬಯಲಿನಲ್ಲಿ ಓಡಾಡುವ ಕೋಳಿ ಕಳೆನಾಶಕ ಸಿಂಪಡಿಸಿದ ಅಡಿಕೆ ತೋಟದಲ್ಲಿ ಮೇಯಬಹುದು. ಅದು ಬಯಲಿನದೇ, ಆದರೆ ಸಾವಯವವಲ್ಲ. ಅಂಗಡಿಗಳಲ್ಲಿ ಈ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ನಾವೂ ಹಾಗೆಯೇ ನಂಬುತ್ತೇವೆ.

ಬಣ್ಣದ ಭ್ರಮೆಯನ್ನೂ ಇಲ್ಲಿಯೇ ಕಳೆದುಕೊಳ್ಳಬೇಕು. ಚಿಪ್ಪಿನ ಬಣ್ಣವನ್ನು ನಿರ್ಧರಿಸುವುದು ತಳಿ. ಬಿಳಿ ಲೆಗ್‌ಹಾರ್ನ್ ಮೂಲದ ಕೋಳಿ ಬಿಳಿ ಮೊಟ್ಟೆ ಇಡುತ್ತದೆ. ಕಂದು ಮೊಟ್ಟೆ ಇಡುವ ತಳಿಗಳೂ ಪಂಜರಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿವೆ. ಒಳಗಿನ ಹಳದಿಯ ಗಾಢತೆ ಬರುವುದು ಆಹಾರದಿಂದ. ಸೊಪ್ಪು, ಮೆಕ್ಕೆಜೋಳ ತಿಂದರೆ ಹಳದಿ ಗಾಢವಾಗುತ್ತದೆ. ಮೇವಿಗೆ ಚೆಂಡು ಹೂವಿನ ಸಾರ ಬೆರೆಸಿದರೂ ಆಗುತ್ತದೆ. ಬಿಳಿ ಮೊಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಕಂದಾಗಿಸುವ ಜಾಣತನವೂ ಮಾರುಕಟ್ಟೆಗೆ ಹೊಸತಲ್ಲ. ಗಾತ್ರವನ್ನೂ ನಂಬುವಂತಿಲ್ಲ. ಫಾರಂ ಕೋಳಿ ಮೊದಮೊದಲು ಇಡುವ ಮೊಟ್ಟೆಗಳು ಸಹಜವಾಗಿಯೇ ಚಿಕ್ಕವು. ಅವು ‘ನಾಟಿ’ಯ ಬುಟ್ಟಿಗೆ ಸುಲಭವಾಗಿ ಸೇರಿಬಿಡುತ್ತವೆ.

ನಾಟಿ ಮೊಟ್ಟೆಯ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯ ತಾಯಂದಿರಿಗೆ ನಾನು ಹೊಸತೇನನ್ನೂ ಹೇಳಬೇಕಾಗಿಲ್ಲ. ಒಂದು ನಾಟಿ ಹೇಂಟೆ ಒಂದು ಸರದಿಗೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ ಕಾವು, ಅನಂತರ ಪಿಳ್ಳೆಗಳ ಪಾಲನೆ. ವರ್ಷಕ್ಕೆ ಇಂತಹ ಮೂರು ನಾಲ್ಕು ಸರದಿಗಳು. ಒಟ್ಟು 50ರಿಂದ 60 ಮೊಟ್ಟೆ ಎನ್ನೋಣ. ಅದರಲ್ಲಿ ಅರ್ಧವನ್ನು ಮರಿ ಮಾಡಲು ಇಟ್ಟುಕೊಂಡರೆ ಮಾರಾಟಕ್ಕೆ ಸಿಗುವುದು ಒಂದು ಕೋಳಿಯಿಂದ ವರ್ಷಕ್ಕೆ 30 ಮೊಟ್ಟೆ.

ಈಗ ನಗರದ ಅಂಗಡಿಗೆ ಬನ್ನಿ. ದಿನಕ್ಕೆ 100 ನಾಟಿ ಮೊಟ್ಟೆ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ವರ್ಷಕ್ಕೆ 36,500 ಮೊಟ್ಟೆ. ಅದಕ್ಕೆ 1,200ಕ್ಕೂ ಹೆಚ್ಚು ನಾಟಿ ಹೇಂಟೆಗಳು ಬೇಕು. ಮನೆಗೆ ಐದು ಕೋಳಿಯಂತೆ ಸುಮಾರು 240 ಮನೆಗಳು. ಅಂದರೆ ಒಂದು ಅಂಗಡಿಯ ಒಂದು ಮೂಲೆಯನ್ನು ತುಂಬಲು ಒಂದು ದೊಡ್ಡ ಹಳ್ಳಿಯ ಎಲ್ಲ ತಿಪ್ಪೆಗಳೂ ಬೇಕು. ವರ್ಷದ ತೊಡಕಿನ ಹೊತ್ತಿಗೆ ನಾಟಿ ಕೋಳಿಗಳೇ ಊರಿನಲ್ಲಿ ವಿರಳವಾಗುವಾಗ, ಅಂಗಡಿಯಲ್ಲಿ ನಾಟಿ ಮೊಟ್ಟೆ ಒಂದು ದಿನವೂ ಕಡಿಮೆಯಾಗುವುದಿಲ್ಲವೆಂದರೆ, ಅದು ಎಲ್ಲಿಂದ ಬಂತೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನಷ್ಟವಾಗುವುದು ಗ್ರಾಹಕರಿಗೆ ಮಾತ್ರವಲ್ಲ. ನಮ್ಮ ಹಳ್ಳಿಗಳಲ್ಲಿ ಮೊಟ್ಟೆಯ ಹಣ ಹೆಂಗಸರ ಹಣ. ರಾಗಿ ಮಾರಿದ್ದು, ಕೊಬ್ಬರಿ ಮಾರಿದ್ದು ಯಜಮಾನನ ಜೇಬಿಗೆ ಹೋದರೂ ಮೊಟ್ಟೆ ಮಾರಿದ್ದು ಸೆರಗಿನ ಗಂಟಿಗೆ ಸೇರುತ್ತದೆ. ‘ನಾಟಿ’ ಎಂಬ ಹೆಸರಿಗೆ ನಗರ ಕೊಡುವ ಹೆಚ್ಚಿನ ಬೆಲೆ ಬಣ್ಣ ಹಚ್ಚಿದ ಮೊಟ್ಟೆಗೆ ಹೋದಾಗ, ಅದು ಈ ಸೆರಗಿನ ಗಂಟಿನಿಂದಲೇ ಕಳೆದುಹೋದ ಹಣ.

ಅಗ್ಗದ ಮೊಟ್ಟೆಯನ್ನು ಹಳಿಯುವ ಮುನ್ನ

ಪರಿಸರದ ಕಾಳಜಿಯುಳ್ಳ ನಮ್ಮಂಥವರು ಫಾರಂ ಮೊಟ್ಟೆಯನ್ನು ಸುಲಭವಾಗಿ ಹಳಿಯುತ್ತೇವೆ. ಸ್ವಲ್ಪ ತಾಳೋಣ. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಸ್ಥಾಪನೆಯಾಗಿ ದರವನ್ನು ಉತ್ಪಾದಕರೇ ಸಾರತೊಡಗಿದ ಮೇಲೆ ಮೊಟ್ಟೆ ಈ ದೇಶದ ಸಾಮಾನ್ಯರ ಕೈಗೆಟುಕುವ ಆಹಾರವಾಯಿತು. 2023-24ರಲ್ಲಿ ದೇಶದ ಉತ್ಪಾದನೆ ಸುಮಾರು 14,277 ಕೋಟಿ ಮೊಟ್ಟೆ. ತಲಾ ಲಭ್ಯತೆ ವರ್ಷಕ್ಕೆ 103. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು 180. ಇಷ್ಟೆಲ್ಲ ಫಾರಂಗಳಿದ್ದೂ ನಾವಿನ್ನೂ ಅರ್ಧ ದಾರಿಯನ್ನಷ್ಟೇ ದಾಟಿದ್ದೇವೆ.

ಕರ್ನಾಟಕದ ಶಾಲೆಗಳನ್ನು ನೋಡಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡುವುದು ಮೊದಲಾಯಿತು. 2022ರಲ್ಲಿ ಅದು ರಾಜ್ಯದಾದ್ಯಂತ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ವಾರಕ್ಕೆ ಆರು ದಿನ ಎಂದಾಯಿತು. ಆಗ ಒಂದು ಮೊಟ್ಟೆಗೆ ನಿಗದಿಯಾದದ್ದು, ಬೇಯಿಸುವ ಮತ್ತು ಸುಲಿಯುವ ಖರ್ಚೂ ಸೇರಿ, 6 ರೂಪಾಯಿ. ಆ ಬೆಲೆಗೆ ಅಂಗಳದ ಮೊಟ್ಟೆ ಬರುವುದಿಲ್ಲ. ಸುಮಾರು 50 ಗ್ರಾಂ ತೂಗುವ ಮೊಟ್ಟೆಯಲ್ಲಿ 6 ಗ್ರಾಂನಷ್ಟು ಉತ್ತಮ ದರ್ಜೆಯ ಸಸಾರಜನಕ ಇರುತ್ತದೆ. ಈ ವಿಷಯದಲ್ಲಿ ಪಂಜರದ ಮೊಟ್ಟೆಗೂ ಬಯಲಿನ ಮೊಟ್ಟೆಗೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಬಿಸಿಲಲ್ಲಿ ಓಡಾಡಿ ಸೊಪ್ಪು, ಹುಳ ತಿಂದ ಕೋಳಿಯ ಮೊಟ್ಟೆಯಲ್ಲಿ ‘ಡಿ’ ಜೀವಸತ್ವ, ಒಮೆಗಾ-3 ಕೊಬ್ಬು ಹೆಚ್ಚಿರಬಹುದು. ಆದರೆ ಕೂಲಿ ಮಾಡುವ ಮನೆಯ ಮಗುವಿಗೆ ದುಬಾರಿಯ ಒಂದು ಮೊಟ್ಟೆಗಿಂತ ಅಗ್ಗದ ಎರಡು ಮೊಟ್ಟೆ ಒಳ್ಳೆಯದು. ಕೈ ಬಿಗಿಯಿರುವ ಸಂಸಾರದವರು ಫಾರಂ ಮೊಟ್ಟೆಯನ್ನು ಯಾವ ಅಪರಾಧ ಭಾವನೆಯೂ ಇಲ್ಲದೆ ಕೊಳ್ಳಲಿ ಎಂದು ಈ ವೇದಿಕೆಯಿಂದಲೇ ಹೇಳಬಯಸುತ್ತೇನೆ.

ಅಗ್ಗದ ಬೆಲೆಯ ಉಳಿದ ಪಾಲು

ಹಾಗೆಂದು ಆ ಅಗ್ಗದ ಹಿಂದಿರುವುದನ್ನು ಮರೆಮಾಚುವಂತಿಲ್ಲ. ಪಂಜರದ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. 2023ರ ಕೇಂದ್ರ ನಿಯಮಗಳ ಪ್ರಕಾರ ಒಂದು ಕೋಳಿಗೆ ಕೊಡಬೇಕಾದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ನಿಮ್ಮ ಕೈಯಲ್ಲಿರುವ ಎ4 ಹಾಳೆಯ ವಿಸ್ತೀರ್ಣವೇ ಸುಮಾರು 624. ಅಷ್ಟರಲ್ಲಿ ರೆಕ್ಕೆ ಬಿಚ್ಚಲಾಗದು, ಮಣ್ಣು ಕೆದರಲಾಗದು, ಧೂಳಿನಲ್ಲಿ ಹೊರಳಲಾಗದು, ಮೊಟ್ಟೆಯಿಡಲು ಮರೆಯಾದ ಮೂಲೆ ಹುಡುಕಲಾಗದು. ಕೋಳಿಯನ್ನು ಕೇಳಿ ಮಸಾಲೆ ಅರೆಯುವರೇ ಎಂಬ ಗಾದೆ ನಮ್ಮಲ್ಲಿದೆ. ಅರೆಯುವ ದಿನದ ಮಾತು ಹಾಗಿರಲಿ, ಅದು ಬದುಕಿರುವಷ್ಟು ದಿನದ ಮಾತನ್ನಾದರೂ ನಾವು ಕೇಳಬೇಕು. ಐರೋಪ್ಯ ಒಕ್ಕೂಟದಲ್ಲಿ ಇಂತಹ ಬರಿಯ ಪಂಜರಗಳು 2012ರಿಂದ ನಿಷಿದ್ಧವಾಗಿವೆ.

ಎರಡನೆಯ ಪಾಲು ಹಿಕ್ಕೆಯದು. ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಸಾವಿರ ಕೋಳಿಗಳಿರುವಲ್ಲಿ ದಿನಕ್ಕೆ ಒಂದು ಟನ್. ಹತ್ತಾರು ತೋಟಗಳಿಗೆ ಹಂಚಿಹೋದರೆ ಅದು ಗೊಬ್ಬರ. ಒಂದೇ ಕಡೆ ಬಿದ್ದರೆ ನೊಣ, ದುರ್ವಾಸನೆ, ಬಾವಿಯ ನೀರಿಗೆ ನೈಟ್ರೇಟು.

ಮೂರನೆಯದು ಔಷಧ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಬಳಸುವುದನ್ನು ತಡೆಯಲು 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದರ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಬೇಕಾಯಿತು. 2025ರ ಡಿಸೆಂಬರಿನಲ್ಲಿ ಮೊಟ್ಟೆಗಳಲ್ಲಿ ನೈಟ್ರೊಫ್ಯೂರಾನ್ ಅಂಶದ ವಿವಾದ ಎದ್ದಾಗ, ದೇಶದ ಮೊಟ್ಟೆಗಳು ಸುರಕ್ಷಿತವೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟಪಡಿಸಿತು. ಆ ವಿವಾದದಲ್ಲಿ ನಾವು ಗಮನಿಸಬೇಕಾದದ್ದು ಬೇರೆ. ಅದು ಎದ್ದದ್ದು ಅಗ್ಗದ ಮೊಟ್ಟೆಯ ಬಗ್ಗೆ ಅಲ್ಲ. ಹೆಚ್ಚಿನ ಬೆಲೆಗೆ ಪೆಟ್ಟಿಗೆಯಲ್ಲಿ ಮಾರುವ ಮೊಟ್ಟೆಯ ಬಗ್ಗೆ. ಬೆಲೆಯೇ ಶುದ್ಧತೆಯ ಪುರಾವೆಯಲ್ಲ.

ಅಂಗಳ ಉಣಿಸಿದರೆ ಮಾತ್ರ

ಹಾಗಾದರೆ ಬಯಲಿನ ಮೊಟ್ಟೆ ಪರಿಸರಕ್ಕೆ ಒಳ್ಳೆಯದೇ? ಯಾವಾಗಲೂ ಅಲ್ಲ. ಇದು ಇಂದಿನ ಮಾತಿನ ತಿರುಳು. ದಯವಿಟ್ಟು ಈ ಲೆಕ್ಕವನ್ನು ಗಮನಿಸಿ.

ಪಂಜರದ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. ವರ್ಷಕ್ಕೆ 40 ಕಿಲೋ. 320 ಮೊಟ್ಟೆಗೆ ಹಂಚಿದರೆ ಒಂದು ಮೊಟ್ಟೆಗೆ 125 ಗ್ರಾಂ ಮೇವು. ಈಗ ಹಿತ್ತಿಲಿಗೆಂದೇ ರೂಪಿಸಿದ ಸ್ವರ್ಣಧಾರಾ ಕೋಳಿಯನ್ನು ತೆಗೆದುಕೊಳ್ಳಿ. ಹೆಬ್ಬಾಳದ ವಿಜ್ಞಾನಿಗಳು 1980ರ ದಶಕದಲ್ಲಿ ಗಿರಿರಾಜವನ್ನೂ 2005ರಲ್ಲಿ ಸ್ವರ್ಣಧಾರಾವನ್ನೂ ಕೊಟ್ಟರು. ಸ್ವರ್ಣಧಾರಾ ವರ್ಷಕ್ಕೆ ಸುಮಾರು 180 ಮೊಟ್ಟೆ ಇಡುತ್ತದೆ. ಅದನ್ನು ಬೇಲಿ ಹಾಕಿದ ಬೋಳು ನೆಲದಲ್ಲಿ ಬಿಟ್ಟು ದಿನಕ್ಕೆ 115 ಗ್ರಾಂ ಕೊಂಡ ಮೇವನ್ನೇ ಹಾಕಿದರೆ, ಒಂದು ಮೊಟ್ಟೆಗೆ 230 ಗ್ರಾಂಗೂ ಹೆಚ್ಚು ಮೇವು ಬೇಕು. ಅಂದರೆ ಪಂಜರದ ಮೊಟ್ಟೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೆಕ್ಕೆಜೋಳ, ಸೋಯಾ. ಅಷ್ಟೇ ಹೆಚ್ಚು ಹೊಲ, ರಸಗೊಬ್ಬರ, ಡೀಸೆಲ್. ಚೀಟಿಯ ಮೇಲೆ ಹಸಿರು ಹುಲ್ಲಿನ ಚಿತ್ರವಿದ್ದರೂ ಭೂಮಿಯ ಮೇಲಿನ ಹೊರೆ ಹೆಚ್ಚೇ.

ಅದೇ ಕೋಳಿಯನ್ನು ಗುಬ್ಬಿಯ ಒಂದು ತೆಂಗಿನ ತೋಟದಲ್ಲಿ ಬಿಡಿ. ಗರಿಯ ಕೆಳಗಿನ ಗೆದ್ದಲು, ತಿಪ್ಪೆಯ ಹುಳ, ಉದುರಿದ ರಾಗಿ, ಕಳೆಯ ಬೀಜ, ಅಡುಗೆಮನೆಯ ಮುಸುರೆ ಇವು ಅದರ ಹೊಟ್ಟೆಯ ಅರ್ಧವನ್ನು ತುಂಬುತ್ತವೆ. ನೀವು ಕೈಯಿಂದ ಹಾಕಬೇಕಾದದ್ದು ದಿನಕ್ಕೆ 60 ಗ್ರಾಂ. ಆಗ ಮೊಟ್ಟೆಗೆ ತಗಲುವ ಕೊಂಡ ಮೇವು 122 ಗ್ರಾಂ. ಪಂಜರದ ಮೊಟ್ಟೆಗೆ ಸಮ! ಜೊತೆಗೆ ಕಳೆ ಕಡಿಮೆ, ಗೊಬ್ಬರ ಅಲ್ಲಲ್ಲೇ ಬುಡಕ್ಕೆ, ಕೋಳಿಗೆ ಕೋಳಿಯಂತೆ ಬಾಳುವ ಅವಕಾಶ. ಇನ್ನೊಂದು ಮಾತು: ಮೊಟ್ಟೆಗೆಂದೇ ಬೆಳೆಸಿದ ತಳಿಗಳಲ್ಲಿ ಗಂಡು ಮರಿಗೆ ಬೆಲೆಯಿಲ್ಲ, ಹುಟ್ಟಿದ ದಿನವೇ ಅವನ್ನು ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ. ನಾಟಿ ಅಥವಾ ಗಿರಿರಾಜದಲ್ಲಿ ಹುಂಜಕ್ಕೂ ಬೆಲೆಯುಂಟು. ಈ ಕ್ರೌರ್ಯಕ್ಕೆ ಅಲ್ಲಿ ಕಾರಣವೇ ಇಲ್ಲ.

ಆದ್ದರಿಂದ ಒಳ್ಳೆಯ ಮೊಟ್ಟೆಯ ಗುಟ್ಟು ಚೀಟಿಯಲ್ಲಿಲ್ಲ, ಅಂಗಳದಲ್ಲಿದೆ. ಅಂಗಳ ಕೋಳಿಯನ್ನು ಉಣಿಸಿದರೆ ಮಾತ್ರ ಬಯಲಿನ ಮೊಟ್ಟೆ ಭೂಮಿಗೆ ಹಗುರ. ಅಂಗಳವೂ ಶುದ್ಧವಾಗಿರಬೇಕು. ಪ್ಲಾಸ್ಟಿಕ್ ಕಸ ಸುಡುವ ಜಾಗದಲ್ಲಿ ಕೆದರಿ ತಿನ್ನುವ ಕೋಳಿಯ ಮೊಟ್ಟೆಯಲ್ಲಿ ಡೈಆಕ್ಸಿನ್‌ನಂತಹ ವಿಷಗಳು ಸಂಗ್ರಹವಾಗುತ್ತವೆ. ನಗರದ ಹೊರವಲಯದಲ್ಲಿ ಕೋಳಿ ಸಾಕುವವರು ಇದನ್ನು ಮರೆಯಬಾರದು.

ಸಾವಯವ ಎಂಬ ಮುದ್ರೆ

‘ಸಾವಯವ’ ಎಂಬ ಪದಕ್ಕೆ ಕಾನೂನಿನ ಬೆಂಬಲವಿದೆ. 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆ ಹೆಸರಿನಲ್ಲಿ ಮಾರುವ ಪದಾರ್ಥಕ್ಕೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರವೋ ಪಿಜಿಎಸ್-ಇಂಡಿಯಾ ಎಂಬ ರೈತರ ಪರಸ್ಪರ ಭರವಸೆಯ ಪದ್ಧತಿಯ ಪ್ರಮಾಣಪತ್ರವೋ ಇರಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿಯ ಒಳಗೆ ವಹಿವಾಟಿದ್ದು ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ ಇದರಿಂದ ವಿನಾಯಿತಿಯುಂಟು. ‘ಫ್ರೀ ರೇಂಜ್’, ‘ನಾಟಿ’, ‘ಹಳ್ಳಿ ಮೊಟ್ಟೆ’ ಎಂಬ ಮಾತುಗಳಿಗಾದರೋ ಇಂತಹ ಕಾವಲಿಲ್ಲ. ಯುರೋಪಿನಲ್ಲಿ ಪ್ರತಿ ಮೊಟ್ಟೆಯ ಚಿಪ್ಪಿನ ಮೇಲೆ ಸಂಖ್ಯೆ ಒತ್ತಿರುತ್ತಾರೆ: 0 ಸಾವಯವ, 1 ಬಯಲು, 2 ಪಂಜರವಿಲ್ಲದ ಕೊಟ್ಟಿಗೆ, 3 ಪಂಜರ. ನಮ್ಮಲ್ಲಿ ಚೀಟಿ ಬರೆದವನ ಆತ್ಮಸಾಕ್ಷಿಯೇ ಮುದ್ರೆ.

ಕೊಳ್ಳುವಾಗ

ಇಷ್ಟೆಲ್ಲ ಹೇಳಿದ ಮೇಲೆ ಪ್ರಶ್ನೆಗೆ ನೇರ ಉತ್ತರ ಕೊಡಬೇಕು.

ಹಣ ಕಡಿಮೆಯಿದ್ದರೆ ಫಾರಂ ಮೊಟ್ಟೆಯನ್ನು ಕೊಳ್ಳಿ. ಬೇಗ ಖಾಲಿಯಾಗುವ ಅಂಗಡಿಯಲ್ಲಿ ಕೊಳ್ಳಿ. ಮನೆಯಲ್ಲಿ ನೀರಿಗೆ ಹಾಕಿ ನೋಡಿ. ತಳದಲ್ಲಿ ಮಲಗಿದರೆ ಹೊಸತು, ನೆಟ್ಟಗೆ ನಿಂತರೆ ಹಳತು, ತೇಲಿದರೆ ಬೇಡ. ಯಾವ ಮೊಟ್ಟೆಯನ್ನೇ ಆಗಲಿ ತೊಳೆದು ಇಡಬೇಡಿ. ಚಿಪ್ಪಿನ ರಕ್ಷಾಪದರ ಹೋಗಿಬಿಡುತ್ತದೆ. ಚೆನ್ನಾಗಿ ಬೇಯಿಸಿ ತಿನ್ನಿ.

ಹೆಚ್ಚು ಕೊಡುವ ಶಕ್ತಿಯಿದ್ದರೆ, ಪದಕ್ಕೆ ಹಣ ಕೊಡಬೇಡಿ, ಅಂಗಳಕ್ಕೆ ಕೊಡಿ. ಮಾರುವವರನ್ನು ನಾಲ್ಕು ಮಾತು ಕೇಳಿ. ಯಾವ ಊರಿನದು? ಕೋಳಿ ಹಗಲು ಎಲ್ಲಿರುತ್ತದೆ? ಏನು ತಿನ್ನುತ್ತದೆ? ಯಾವತ್ತು ಇಟ್ಟ ಮೊಟ್ಟೆ? ಉತ್ತರ ಬಂದರೆ, ಮತ್ತು ಒಂದು ಭಾನುವಾರ ಹೋಗಿ ನೋಡಬಹುದಾದರೆ, ಆ ಮೊಟ್ಟೆಗೆ ಪ್ರಮಾಣಪತ್ರದ ಅಗತ್ಯವಿಲ್ಲ. ಉತ್ತರ ಬಾರದಿದ್ದರೆ ಅಗ್ಗದ ಮೊಟ್ಟೆಯೇ ಮೇಲು. ಅದು ತಾನೇನೆಂಬುದನ್ನಾದರೂ ಮರೆಮಾಚುವುದಿಲ್ಲ.

ಗುಬ್ಬಿ, ಕುಣಿಗಲ್‌ನವರಿಗೆ

ಗುಬ್ಬಿ ತುಮಕೂರಿನಿಂದ ಸುಮಾರು 20 ಕಿಲೋಮೀಟರ್, ಕುಣಿಗಲ್ 40ಕ್ಕೂ ಒಳಗೆ. ತೆಂಗಿನ ನೆರಳು, ರಾಗಿಯ ಕಣ, ಹಟ್ಟಿಯ ತಿಪ್ಪೆ ನಿಮ್ಮಲ್ಲಿವೆ. ಕೊಳ್ಳುವ ನಗರ ಪಕ್ಕದಲ್ಲೇ ಇದೆ. ನಡುವೆ ಇಲ್ಲದಿರುವುದು ನಂಬಿಕೆಯೊಂದೇ.

ಹತ್ತು ಮನೆಯ ಹೆಂಗಸರು ಸೇರಿ, ಮನೆಗೆ 20 ಸ್ವರ್ಣಧಾರಾ ಅಥವಾ ಗಿರಿರಾಜ ಹೇಂಟೆಗಳನ್ನು ಸಾಕುತ್ತಾರೆಂದು ಭಾವಿಸೋಣ. ಸ್ವರ್ಣಧಾರಾ ಆದರೆ ಮನೆಗೆ ವರ್ಷಕ್ಕೆ 3,600 ಮೊಟ್ಟೆ. ದಿನಕ್ಕೆ 60 ಗ್ರಾಂನಂತೆ ಮೇವು 438 ಕಿಲೋ. ಕಿಲೋಗೆ 35 ರೂಪಾಯಿ ಎಂದರೆ 15,330 ರೂಪಾಯಿ. ಮೊಟ್ಟೆಗೆ ನಾಲ್ಕೂಕಾಲು ರೂಪಾಯಿ ಮೇವಿಗೇ ಹೋಯಿತು. ಮರಿಯ ಬೆಲೆ, ಲಸಿಕೆ, ಮುಂಗುಸಿ, ನಾಯಿಯ ಪಾಲು, ಸಾಗಣೆ, ನಿಮ್ಮ ದುಡಿಮೆ ಇವನ್ನು ಸೇರಿಸಿದರೆ 10ರಿಂದ 12 ರೂಪಾಯಿ ನ್ಯಾಯವಾದ ಬೆಲೆ. ನಗರದವರು ಇದನ್ನು ದುಬಾರಿ ಎನ್ನಬಾರದು. ಇವರು ಇದಕ್ಕಿಂತ ಹೆಚ್ಚು ಕೇಳಬೇಕಾಗಿಯೂ ಇಲ್ಲ.

ಎಚ್ಚರಿಕೆಗಳೂ ಉಂಟು. ಕೊಕ್ಕರೆ ರೋಗ ಬಂದರೆ ಒಂದು ವಾರದಲ್ಲಿ ಕೇರಿಯ ಕೋಳಿಗಳೆಲ್ಲ ಹೋಗುತ್ತವೆ; ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿತ್ತು. ಹೊರಗೆ ತಿರುಗುವ ಕೋಳಿಗೆ ಕಾಡುಹಕ್ಕಿಗಳ ಸಂಪರ್ಕ ಹೆಚ್ಚು. ಕೆರೆಯಂಗಳಕ್ಕೆ ಕೋಳಿ ಬಿಡಬೇಡಿ. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ. ಹುಂಜವಿರುವ ಹಿಂಡಿನಲ್ಲಿ ಮೊಟ್ಟೆಯನ್ನು ದಿನದಿನವೂ ಎತ್ತಿ ತಂಪಾದೆಡೆ ಇಡಿ. ಬೇಸಿಗೆಯ ಸೆಕೆಗೆ ಒಳಗೆ ಮರಿ ಬೆಳೆಯತೊಡಗುತ್ತದೆ. ಕೋಳಿ ಮೇಯುವ ತೋಟಕ್ಕೆ ಕಳೆನಾಶಕ ಹೊಡೆಯಬೇಡಿ. ಮತ್ತು ಹೊಸ ತಳಿಗಳ ಭರದಲ್ಲಿ ಕಾವು ಕೂರುವ ಹಳೆಯ ನಾಟಿ ಹೇಂಟೆಯನ್ನು ಕಳೆದುಕೊಳ್ಳಬೇಡಿ. ಸುಧಾರಿತ ಕೋಳಿಗಳಿಗೆ ಕಾವಿನ ಗುಣ ಕಡಿಮೆ. ಅವುಗಳ ಮರಿಗೆ ಪ್ರತಿ ಸಲವೂ ಹೊರಗಿನ ಕೇಂದ್ರದ ಬಾಗಿಲು ಕಾಯಬೇಕು. ನಾಟಿ ಹೇಂಟೆ ಇರುವ ಮನೆಗೆ ಆ ಪರಾವಲಂಬನೆ ಇಲ್ಲ.

ಇನ್ನು ನಂಬಿಕೆಯ ವಿಷಯ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ನಾಡಿನಾದ್ಯಂತ ಹೆಸರಾದದ್ದು ಯಾವ ತೋಟದ ಯಾವ ಮರದಿಂದ ಬಂದದ್ದೆಂದು ಎಲ್ಲರಿಗೂ ತಿಳಿದಿದ್ದರಿಂದ. ಮೊಟ್ಟೆಗೂ ಅಷ್ಟೇ ಸಾಕು. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಮೊಟ್ಟೆ ಇಟ್ಟ ತಾರೀಖು, ಬುಟ್ಟಿಯ ಮೇಲೆ ಊರಿನ ಹೆಸರು, ‘ನಾಟಿ’ಯೋ ‘ಗಿರಿರಾಜ’ವೋ ಎಂಬ ನಿಜವಾದ ಮಾತು. ಗಿರಿರಾಜದ ಮೊಟ್ಟೆಯನ್ನು ನಾಟಿಯೆಂದು ಹೇಳಿ ಮಾರುವ ಆಸೆಗೆ ಒಳಗಾದರೆ, ಮೊದಲು ಹೇಳಿದ ಚಹಾ ಬಣ್ಣದ ವ್ಯಾಪಾರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ನಗರದ ಮಿತ್ರರಲ್ಲಿ ನನ್ನ ಬೇಡಿಕೆ ಚಿಕ್ಕದು. ಇಂದು ಈ ಸಭೆಯಿಂದ ಹೊರಡುವ ಮೊದಲು ನಿಮ್ಮ ಪಕ್ಕದಲ್ಲಿ ಕುಳಿತಿರುವ ಹಳ್ಳಿಯ ತಾಯಿಯ ಊರು ಯಾವುದೆಂದು ಕೇಳಿ, ವಾರಕ್ಕೆ ಎಷ್ಟು ಮೊಟ್ಟೆ ಕೊಡಬಲ್ಲರೆಂದು ವಿಚಾರಿಸಿ. ಮಳೆಗಾಲದಲ್ಲಿ ಮೊಟ್ಟೆ ಕಡಿಮೆಯಾದರೆ ಸಹಿಸಿಕೊಳ್ಳಿ. ವರ್ಷವಿಡೀ ಒಂದೇ ಸಮನೆ ಮೊಟ್ಟೆಯಿಡುವುದು ಅಂಗಳದ ಕೋಳಿಯ ಸ್ವಭಾವವಲ್ಲ. ಆ ಕೊರತೆಯ ವಾರಗಳಲ್ಲಿ ಫಾರಂ ಮೊಟ್ಟೆ ಕೊಂಡರೂ ತಪ್ಪಿಲ್ಲ. ಆದರೆ ಮತ್ತೆ ಮೊಟ್ಟೆ ಬಂದಾಗ ಆ ತಾಯಿಯನ್ನು ಮರೆಯಬೇಡಿ.